ಒಣಗಿದ ಎಲುಬುಗಳ ಕಣಿವೆ

ವೈದ್ಯಕೀಯ ಕಾಲೇಜಿನ ಮೊದಲ ವರ್ಷ ಶವಚ್ಛೇದನದ ಮೇಜಿನ ಮೇಲೆ ನಾವು ಮೊದಲು ಚರ್ಮ ಬಿಡಿಸುತ್ತಿದ್ದೆವು. ಆಮೇಲೆ ಮಾಂಸ, ನರ, ಕೊನೆಗೆ ಎಲುಬು. ಹೀಬ್ರೂ ಪ್ರವಾದಿ ಯೆಹೆಜ್ಕೇಲನ ಗ್ರಂಥದ 37ನೇ ಅಧ್ಯಾಯದಲ್ಲಿ ಇದೇ ಕ್ರಮ ಹಿಂದುಮುಂದಾಗಿದೆ. ಒಣಗಿದ ಎಲುಬುಗಳು ಹರಡಿದ ಕಣಿವೆಯಲ್ಲಿ ಸದ್ದಾಗಿ, ಎಲುಬಿಗೆ ಎಲುಬು ಕೂಡಿ, ಮೇಲೆ ನರ, ಮಾಂಸ, ಚರ್ಮ ಬರುತ್ತವೆ. ಕಡೆಗೆ ಉಸಿರು. ಅಲ್ಲಿರುವ ಹೀಬ್ರೂ ಪದ 'ರೂಅಹ್'. ಗಾಳಿ, ಉಸಿರು, ಆತ್ಮ ಮೂರಕ್ಕೂ ಅದೊಂದೇ. ನಮ್ಮ 'ಪ್ರಾಣ' ಶಬ್ದವನ್ನು ಬಲ್ಲವರಿಗೆ ಇದು ತೀರ ಹೊಸದಲ್ಲ.

ಯೆಹೆಜ್ಕೇಲ ಯಾಜಕ ಮನೆತನದವನು. ಕ್ರಿ.ಪೂ. 597ರಲ್ಲಿ ಬಾಬಿಲೋನಿನ ಅರಸ ನೆಬೂಕದ್ನೆಚ್ಚರ ಸೆರೆಯೊಯ್ದವರಲ್ಲಿ ಒಬ್ಬ. ಸುಮಾರು ಹತ್ತು ವರ್ಷಗಳಲ್ಲಿ ಯೆರೂಸಲೇಮೂ ಅಲ್ಲಿನ ದೇವಾಲಯವೂ ಸುಟ್ಟುಹೋದವು. ದರ್ಶನದ ಅರ್ಥವನ್ನು ಗ್ರಂಥವೇ ಬಿಡಿಸಿ ಹೇಳುತ್ತದೆ: ಎಲುಬುಗಳೆಂದರೆ ಪರದೇಶದಲ್ಲಿ ಆಸೆ ಕಳೆದುಕೊಂಡು ಕೂತ ಇಸ್ರಾಯೇಲ್ ಜನ, ದೇವರು ಅವರನ್ನು ಸ್ವಂತ ನಾಡಿಗೆ ಮರಳಿಸುತ್ತಾನೆ. ಹಾಗಿದ್ದೂ ಕ್ರೈಸ್ತರು ಇದನ್ನು ಸತ್ತ ಪ್ರತಿಯೊಬ್ಬನ ದೇಹ ಎದ್ದುಬರುವ ಭವಿಷ್ಯವಾಣಿಯೆಂದು ಓದಿದ್ದೇಕೆ?

ಉತ್ತರಕ್ಕೆ ಇಂದಿನ ಫ್ರಾನ್ಸಿನ ಲಿಯಾನ್ ನಗರಕ್ಕೆ ಹೋಗಬೇಕು. ಕ್ರಿ.ಶ. 177ರಲ್ಲಿ, ರೋಮನ್ ಆಳ್ವಿಕೆಯಲ್ಲಿ, ಅಲ್ಲಿ ಅನೇಕ ಕ್ರೈಸ್ತರನ್ನು ಕೊಂದರು. ಶವಗಳನ್ನು ಆರು ದಿನ ಬಯಲಲ್ಲಿಟ್ಟು, ಸುಟ್ಟು, ಬೂದಿಯನ್ನು ರೋನ್ ನದಿಗೆ ಗುಡಿಸಿಹಾಕಿದರೆಂದು ಬದುಕುಳಿದವರ ಪತ್ರ ಹೇಳುತ್ತದೆ. ಇತಿಹಾಸಕಾರ ಯುಸೇಬಿಯಸ್ ಅದನ್ನು ಕಾಪಾಡಿಟ್ಟಿದ್ದಾನೆ. ಇವರು ಮತ್ತೆ ಏಳುವ ಆಸೆಯೂ ಉಳಿಯಬಾರದೆಂಬುದೇ ಕೊಂದವರ ಉದ್ದೇಶ.

ಆ ಘಟನೆಯ ಬಳಿಕ ಅಲ್ಲಿ ಬಿಷಪ್ ಆದವನು ಐರೇನಿಯಸ್. ದೇಹ ಹೀನ, ಆತ್ಮಕ್ಕೆ ಮಾತ್ರ ಮುಕ್ತಿ ಎನ್ನುವ ಪಂಥಗಳನ್ನು ಖಂಡಿಸಿ ಸುಮಾರು 180ರಲ್ಲಿ ಬರೆದ ಗ್ರಂಥದ ಐದನೇ ಭಾಗದಲ್ಲಿ ಅವನು ಯೆಹೆಜ್ಕೇಲನನ್ನು ಸಾಕ್ಷಿಗೆ ಕರೆಯುತ್ತಾನೆ. ಮಣ್ಣಿನಿಂದ ಮೊದಲು ಮಾಡಿದವನಿಗೆ ಮತ್ತೆ ಮಾಡುವುದು ಕಷ್ಟವೇ ಎಂಬುದು ಅವನ ವಾದದ ತಿರುಳು. ಬರೆಯುವಾಗ ಅವನ ಕಣ್ಣ ಮುಂದೆ ಆ ಬೂದಿ ಇರಲಿಲ್ಲವೆಂದು ನಾನು ನಂಬಲಾರೆ.

ಮೂರನೇ ಶತಮಾನದ ಆರಂಭದಲ್ಲಿ ಕಾರ್ಥೇಜಿನ ತೆರ್ತುಲಿಯನ್ ವಕೀಲನಂತೆ ವಾದಿಸಿದ. ಇದು ಇಸ್ರಾಯೇಲಿನ ರೂಪಕವಷ್ಟೇ ಎನ್ನುತ್ತೀರಾ? ಇಲ್ಲದ ವಸ್ತುವಿನಿಂದ ರೂಪಕ ಹುಟ್ಟುವುದಿಲ್ಲ. ಆದ್ದರಿಂದ ದೇಹ ಏಳುವುದೂ ನಿಜ. ಮಾತು ಜಾಣತನದ್ದು, ಆದರೆ ನನಗೆ ಒಪ್ಪಿಗೆಯಿಲ್ಲ. ಗಂಡಭೇರುಂಡವನ್ನು ಯಾರು ಕಂಡಿದ್ದಾರೆ? ಇನ್ನೂರು ವರ್ಷಗಳ ನಂತರ ಜೆರೋಮ್ ಕೂಡ ಹೆಚ್ಚುಕಡಿಮೆ ಇದೇ ದಾರಿ ಹಿಡಿದ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳು ಈಸ್ಟರಿಗೆ ಮುಂಚಿನ ಪವಿತ್ರ ಶನಿವಾರದ ಪ್ರಾರ್ಥನೆಯಲ್ಲಿ, ಯೇಸುವಿನ ಶವಯಾತ್ರೆಯ ಮೆರವಣಿಗೆ ಮುಗಿದ ಮೇಲೆ, ಇಂದಿಗೂ ಈ ಭಾಗವನ್ನೇ ಓದುತ್ತವೆ.

ದರ್ಶನವನ್ನು ಒಬ್ಬನ ದೇಹದಿಂದ ಮತ್ತೆ ಇಡೀ ಜನಾಂಗದ ಕಡೆಗೆ ತಿರುಗಿಸಿದವರು ನಾವಿರುವ ಈ ಅಮೆರಿಕದ ಕಪ್ಪು ಕ್ರೈಸ್ತರು. ಗುಲಾಮಗಿರಿಯಲ್ಲಿ ನಾಡು, ನುಡಿ, ಹೆಸರು ಕಳೆದುಕೊಂಡವರ ಮಕ್ಕಳು ತಮ್ಮ ಚರ್ಚುಗಳಲ್ಲಿ ಈ ಕಣಿವೆಯನ್ನು ಮತ್ತೆ ಮತ್ತೆ ವರ್ಣಿಸಿದರು. ಕವಿ ಜೇಮ್ಸ್ ವೆಲ್ಡನ್ ಜಾನ್ಸನ್ ರಾಗ ಹಾಕಿದನೆನ್ನುವ, ಪಾದದಿಂದ ತಲೆಯವರೆಗೆ ಎಲುಬು ಜೋಡಿಸುವ ಹಾಡು ಆ ಪರಂಪರೆಯದೇ. ನಮ್ಮ ಮೊಮ್ಮಕ್ಕಳು ಶಾಲೆಯಲ್ಲಿ ದೇಹದ ಭಾಗಗಳನ್ನು ಕಲಿಯಲು ಅದನ್ನು ಹಾಡುತ್ತಾರೆ. ಎಷ್ಟೋ ಬಾರಿ ಯೆಹೆಜ್ಕೇಲನ ಹೆಸರು ಮಾತ್ರ ಬಿಟ್ಟುಹೋಗಿರುತ್ತದೆ.