ಬೆಲೆಯ ಹಿಂದಿನ ಕಾರಣ

ಊರು ಬಿಟ್ಟು ಬಂದು ಮುಂಬಯಿಯಲ್ಲೋ ಪುಣೆಯಲ್ಲೋ ಸಾಲ ಮಾಡಿ ಮನೆ ಕೊಂಡ ನಮ್ಮಲ್ಲಿ ಬಹುತೇಕರು ಬ್ಯಾಂಕಿನ ಮೌಲ್ಯಮಾಪನ ವರದಿಯನ್ನು ಓದಿದವರಲ್ಲ. ಕೊನೆಯ ಪುಟದ ಮೊತ್ತ ನೋಡಿ, ಸಾಲ ಎಷ್ಟು ಸಿಕ್ಕೀತೆಂದು ಲೆಕ್ಕ ಹಾಕಿ ಸುಮ್ಮನಾದೆವು. ಆ ಮೊತ್ತಕ್ಕೆ ಕಾರಣ ಬರೆಯಬೇಕೆಂಬ ಕಟ್ಟಳೆ ಹೇಗೆ ಹುಟ್ಟಿತೆಂದು ತಿಳಿಯಲು ಅಮೆರಿಕದ ಒಂದು ದೊಡ್ಡ ಸೋಲನ್ನು ನೆನೆಯಬೇಕು.

1980ರ ದಶಕದಲ್ಲಿ ಅಲ್ಲಿ ಗೃಹಸಾಲ ನೀಡುತ್ತಿದ್ದ ಉಳಿತಾಯ ಸಂಸ್ಥೆಗಳು ಸಾಲುಸಾಲಾಗಿ ಮುಳುಗಿದವು. ಏರಿದ ಬಡ್ಡಿದರ, ಸಡಿಲವಾದ ನಿಯಂತ್ರಣಗಳೊಡನೆ ಉಬ್ಬಿಸಿದ ಮೌಲ್ಯಮಾಪನವೂ ಅದಕ್ಕೆ ಕಾರಣವಾಗಿತ್ತು. 1984ರಲ್ಲಿ ಮುಚ್ಚಿದ ಟೆಕ್ಸಾಸಿನ ಎಂಪೈರ್ ಸೇವಿಂಗ್ಸ್ ಪ್ರಕರಣದಲ್ಲಿ ಒಂದೇ ಭೂಮಿ ಆಪ್ತರ ನಡುವೆ ಕೈಬದಲಾಗುತ್ತ ಬೆಲೆ ಏರಿಸಿಕೊಂಡಿತ್ತು. ಆ ಬೆಲೆಗೆ ಮುದ್ರೆಯೊತ್ತಿದ್ದು ಮೌಲ್ಯಮಾಪಕರ ವರದಿಗಳೇ. 1986ರಿಂದ 1995ರೊಳಗೆ ಸಾವಿರಕ್ಕೂ ಹೆಚ್ಚು ಉಳಿತಾಯ ಸಂಸ್ಥೆಗಳು ಬಿದ್ದವು. ತೆರಿಗೆದಾರರು ತೆತ್ತದ್ದು ಸುಮಾರು 12,400 ಕೋಟಿ ಡಾಲರ್.

ವೃತ್ತಿಸಂಘಗಳು ಎಚ್ಚೆತ್ತು 1987ರಲ್ಲಿ ಅಪ್ರೈಸಲ್ ಫೌಂಡೇಶನ್ ಸ್ಥಾಪಿಸಿದವು. ಅದರ ಏಕರೂಪ ಮಾನದಂಡಗಳಿಗೆ 1989ರ ಕಾಯ್ದೆ ಬಲ ತುಂಬಿತು. ಬೆಲೆ ಕಟ್ಟುವ ಕ್ರಮಕ್ಕೆ ಒಂದು ನಿಯಮ, ಅದನ್ನು ಬರೆದು ತಿಳಿಸುವ ಕ್ರಮಕ್ಕೆ ಇನ್ನೊಂದು. ವರದಿ ಓದುಗನನ್ನು ದಾರಿ ತಪ್ಪಿಸಬಾರದು. ಉದ್ದೇಶ, ದಿನಾಂಕ, ಊಹೆಗಳು ಅದರಲ್ಲಿ ಸ್ಪಷ್ಟವಾಗಿರಬೇಕು. ತನ್ನ ಶುಲ್ಕ ಮೊದಲೇ ನಿಗದಿಯಾದ ಬೆಲೆಯನ್ನು ಹೇಳುವುದಕ್ಕೆ ಕಟ್ಟುಬಿದ್ದಿಲ್ಲವೆಂದು ಮೌಲ್ಯಮಾಪಕ ಸಹಿ ಮಾಡಬೇಕು.

ಆದರೂ 2008ರ ಕುಸಿತ ತಪ್ಪಲಿಲ್ಲ. ಅದರ ಕಾರಣಗಳು ಹಲವು. ಬೇಕಾದ ಬೆಲೆ ಬರೆಸಲು ಮೌಲ್ಯಮಾಪಕರ ಮೇಲೆ ಬಿದ್ದ ಒತ್ತಡವೂ ಆಗ ಬೆಳಕಿಗೆ ಬಂತು. 2010ರ ಡಾಡ್–ಫ್ರಾಂಕ್ ಕಾಯ್ದೆ ಅಂಥ ಒತ್ತಡವನ್ನೇ ನಿಷೇಧಿಸಿತು.

ನಮ್ಮಲ್ಲಿ ಕಂಪನಿ ಕಾಯ್ದೆಯಡಿ ನೋಂದಾಯಿತ ಮೌಲ್ಯಮಾಪಕರಿಗೆ ನಿಯಮಗಳು ಬಂದದ್ದು 2017ರಲ್ಲಿ. ಮೌಲ್ಯಮಾಪಕನ ಹಿತಾಸಕ್ತಿ, ಮಾಹಿತಿಯ ಮೂಲ, ಅನುಸರಿಸಿದ ವಿಧಾನ, ವರದಿಯ ಮಿತಿ ಎಲ್ಲವನ್ನೂ ನಮೂದಿಸಬೇಕೆಂದು ಅವು ವಿಧಿಸುತ್ತವೆ. ಕಡತಗಳ ನಡುವೆ ಬದುಕುವ ನಮ್ಮಂಥ ಸರ್ಕಾರಿ ನೌಕರರಿಗೆ ಇದು ಅಪರಿಚಿತವಲ್ಲ. ಕಾರಣವಿಲ್ಲದ ಟಿಪ್ಪಣಿ ಮುಂದಿನ ಮೇಜಿನಲ್ಲಿ ನಿಲ್ಲದು. ಆದರೆ ಬೆಲೆ ಮೊದಲೇ ನಿಶ್ಚಯವಾಗಿದ್ದರೆ ಅದಕ್ಕೆ ತಕ್ಕ ಕಾರಣವನ್ನೂ ಹೊಂದಿಸಬಹುದೆಂಬುದು ನಮಗೆ ಗೊತ್ತಿದೆ. ಮಾನದಂಡದ ಬೆಲೆ ಸಹಿ ಹಾಕುವ ಕೈಯ ಸ್ವಾತಂತ್ರ್ಯದಷ್ಟೇ. ಮುಂದಿನ ಸಾಲಕ್ಕೆ ಮೊದಲು ಆ ವರದಿಯ ಪ್ರತಿ ಕೇಳಿ ಪಡೆದು, ಕೊನೆಯ ಪುಟಕ್ಕೆ ಮುಂಚಿನ ಪುಟಗಳನ್ನೂ ಓದೋಣ.