ಕಲಾವಿದರ ಕಾಯಕ, ಕಾಯುವವರ ಹೊಣೆ



ಮಳವಳ್ಳಿ ತಾಲ್ಲೂಕಿನ ಬಂಡೂರೆಂದೊಡನೆ ತಮಗೆ ನೆನಪಾಗುವುದು ಆ ಊರಿನ ಹೆಸರನ್ನೇ ಹೊತ್ತ ಕುರಿಯ ತಳಿ. ಗಿಡ್ಡ ಕಾಲಿನ ಆ ತಳಿ ತಾನಾಗಿಯೇ ಉಳಿದು ಬಂದುದಲ್ಲ. ಮಂದೆಯಲ್ಲಿ ಉತ್ತಮವಾದುದನ್ನು ಗುರುತಿಸಿ ಕಾಪಾಡಿದ ಹಳ್ಳಿಗರ ಕಣ್ಣು ಅದರ ಹಿಂದಿದೆ. ಕಲೆಯ ವಿಷಯ ಹೇಳಹೊರಟು ಕುರಿಯ ಮಾತೇಕೆ ಎಂದು ತಾವು ಕೇಳಬಹುದು. ಕಲಾವಿದನೂ ಒಬ್ಬನೇ ಬೆಳೆಯಲಾರ. ಗುರುತಿಸಿ ಕಾಯುವವರು ಅವನಿಗೂ ಬೇಕು. ಕಲಾಕೃತಿಗಳನ್ನು ಆಯ್ದು, ಅಣಿಗೊಳಿಸಿ, ಜನರ ಮುಂದಿರಿಸುವವರನ್ನು ಈಗ ಕ್ಯುರೇಟರ್ ಎನ್ನುತ್ತಾರೆ. ಕಾಳಜಿ ವಹಿಸುವುದು ಎಂಬ ಅರ್ಥದ ಲ್ಯಾಟಿನ್ ಪದವೇ ಆ ಹೆಸರಿಗೆ ಮೂಲ.

ಹಿಂದೆ ಈ ಹೊಣೆ ಅರಮನೆಯದಾಗಿತ್ತು. ಮೈಸೂರಿನ ಚಿತ್ರಗಾರ ಮನೆತನದ ಕೆ. ವೆಂಕಟಪ್ಪನವರು (1886–1965) ಅರಮನೆಯ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಶಿಷ್ಯವೃತ್ತಿ ಮಾಡಿದರು. 1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಕಾಲವಾದ ಬಳಿಕ ಮೈಸೂರನ್ನು ತೊರೆದು ಬೆಂಗಳೂರಿನಲ್ಲಿ ನೆಲಸಿದರು. ಒಬ್ಬ ಪ್ರಭುವಿನ ಬಾಳನ್ನು ನೆಚ್ಚಿದ ಆಶ್ರಯ ಅವನೊಡನೆಯೇ ಮುಗಿಯುತ್ತದೆ ಎಂಬುದಕ್ಕೆ ಇದು ನಿದರ್ಶನ.

ಅನಂತರ ಆ ಹೊಣೆಯನ್ನು ಗುರುಗಳೂ ಶಾಲೆಗಳೂ ಹೊತ್ತವು. ಬಾದಾಮಿಯ ಕಡೆಯಿಂದ ಬಂದ ಆರ್.ಎಂ. ಹಡಪದರು 1960ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ಕೆನ್ ಕಲಾಶಾಲೆಯನ್ನು ಕಟ್ಟಿ, ತಮ್ಮ ಬಾಳನ್ನೇ ಅದಕ್ಕೆ ಧಾರೆಯೆರೆದರು. ಅವರ ಬಳಿ ಕಲಿತ ಶೀಲಾ ಗೌಡರು 1990ರ ದಶಕದಲ್ಲಿ ಬಣ್ಣ ಬಟ್ಟೆಗಳ ಚೌಕಟ್ಟನ್ನು ದಾಟಿ, ಸೆಗಣಿ, ಕುಂಕುಮ, ದಾರಗಳಿಂದ ಕೃತಿಗಳನ್ನು ರಚಿಸಿದರು. ವಿಭೂತಿಯನ್ನು ಬಲ್ಲ ನಮಗೆ ಇದು ಅಚ್ಚರಿಯಾಗಬಾರದು. 2009ರಲ್ಲಿ ಅವರ ಕೃತಿ ವೆನಿಸ್ ನಗರದ ದ್ವೈವಾರ್ಷಿಕ ಪ್ರದರ್ಶನವನ್ನು ಸೇರಿತು.

ಬಂಡೂರಿಗೆ ಸಮೀಪದ ಮೈಸೂರಿನಲ್ಲಿ 1980ರ ದಶಕದ ಆರಂಭದಲ್ಲಿ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ ರೂಪುಗೊಂಡಿತು. ಅಲ್ಲಿ ಕಲಿತು ಬಡೋದೆಗೆ ಹೋದ ಎನ್.ಎಸ್. ಹರ್ಷ ಅವರು ಮತ್ತೆ ಮೈಸೂರಿಗೇ ಮರಳಿ ಕಾಯಕ ಹೂಡಿದರು. ಸಾಲುಸಾಲಾಗಿ ಕುಳಿತು ಉಣ್ಣುವ ಜನರ ಅವರ ಚಿತ್ರವನ್ನು ಕಂಡರೆ ಮಠದ ದಾಸೋಹದ ಪಂಕ್ತಿ ಕಣ್ಣಿಗೆ ಕಟ್ಟುತ್ತದೆ. 2008ರಲ್ಲಿ ವೇಲ್ಸ್ ದೇಶದ ಆರ್ಟೆಸ್ ಮುಂಡಿ ಪ್ರಶಸ್ತಿ ಅವರಿಗೆ ಸಂದಿತು; 2017ರಲ್ಲಿ ಟೋಕಿಯೋದ ಮೋರಿ ಕಲಾ ಸಂಗ್ರಹಾಲಯ ಅವರ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತು. ಅದೇ ಅಕಾಡೆಮಿಯ ಎಲ್.ಎನ್. ತಲ್ಲೂರರು ಬಡೋದೆಯಲ್ಲಿ ಓದಿದ್ದು ವಸ್ತುಸಂಗ್ರಹಾಲಯ ಶಾಸ್ತ್ರವನ್ನು. ವಸ್ತುವನ್ನು ಕಾಯುವ ವಿದ್ಯೆಯೇ ಅವರ ಶಿಲ್ಪಗಳಿಗೆ ಹೊಸ ನೋಟವನ್ನಿತ್ತಿತು ಎನ್ನಬಹುದು.

ಕಲಿತು ಹೊರಬಂದ ತರುಣನಿಗೆ ಗೋಡೆಯೊಂದು ಬೇಕು, ನೋಡುವ ಕಣ್ಣೂ ಬೇಕು. ಕಲಾವಿದರೂ ಕಲಾ ಇತಿಹಾಸಕಾರರೂ ಆದ ಸುರೇಶ್ ಜಯರಾಮ್ ಅವರು ಬೆಂಗಳೂರಿನ ಶಾಂತಿ ರಸ್ತೆಯ ತಮ್ಮ ಮನೆಯನ್ನೇ 2003ರಿಂದ ಕಲಾವಿದರಿಗೆ ತೆರೆದಿಟ್ಟರು. ಕೆಲಸದ ಕೋಣೆ, ತಂಗುದಾಣ, ಪ್ರದರ್ಶನದ ಗೋಡೆ ಎಲ್ಲವೂ ಒಂದೇ ಸೂರಿನಡಿ ದೊರೆತುವು.

ಆದರೆ ವಾಚಕರೇ, ಆಯ್ಕೆಯೆಂಬುದು ಎರಡು ಅಲಗಿನ ಕತ್ತಿ. ಒಬ್ಬರನ್ನು ಆಯ್ದಾಗ ಮತ್ತೊಬ್ಬರು ಹೊರಗುಳಿಯುತ್ತಾರೆ. ಗೋಡೆಗಳೆಲ್ಲ ನಗರದಲ್ಲೇ ಇರುವಾಗ ಬಂಡೂರಿನಂಥ ಊರಿನ ಮಗುವಿನ ಗೆರೆಯನ್ನು ಗುರುತಿಸುವವರು ಯಾರು? ಅರಮನೆ ಹೋಗಿ ಕ್ಯುರೇಟರ್ ಬಂದರೆಂದ ಮಾತ್ರಕ್ಕೆ ನ್ಯಾಯ ದೊರೆಯಿತೆಂದು ತಿಳಿಯಲಾಗದು. ಆಯ್ಕೆ ಅಧಿಕಾರವಾದರೆ ಅದು ಮತ್ತೊಂದು ಅರಮನೆಯಾದೀತು. ದಾಸೋಹವಾದರೆ ಮಾತ್ರ ಬೆಳಕಾದೀತು.

ಶರಣರು ಕಾಯಕದಲ್ಲಿ ಮೇಲುಕೀಳನ್ನು ಎಣಿಸಲಿಲ್ಲ. ನಮ್ಮ ಮಠಗಳು ತಾಳೆಯೋಲೆಗಳನ್ನು ಕಾದಿಟ್ಟವು, ಬಡ ವಿದ್ಯಾರ್ಥಿಗಳಿಗೆ ಅನ್ನವಿಕ್ಕಿದವು. ಅದೇ ಪ್ರಸಾದ ನಿಲಯಗಳಲ್ಲಿ ಒಂದು ಗೋಡೆಯನ್ನು ಮಕ್ಕಳ ಚಿತ್ರಗಳಿಗೆ ಬಿಟ್ಟುಕೊಟ್ಟರೆ ಆಗುವ ವೆಚ್ಚವೆಷ್ಟು? ತಮ್ಮ ಮನೆಯ ಮಗು ಇದ್ದಿಲಿನಿಂದ ಗೋಡೆಯ ಮೇಲೆ ಗೆರೆ ಎಳೆದಾಗ ಗದರುವ ಮುನ್ನ ಒಂದು ಗಳಿಗೆ ನಿಂತು ನೋಡಿರಿ. ಕಾಯುವ ಕಾಯಕ ಅಲ್ಲಿಂದಲೇ ಮೊದಲಾಗುತ್ತದೆ.