ಉಕ್ಕಿದ ಕರೆಗಳ ಲೆಕ್ಕ

ಒಂದು ನಿಸ್ತಂತು ಜಾಲದ ಹೊರೆಯನ್ನು ಬೇರೊಂದು ಬಗೆಯ ಜಾಲಕ್ಕೆ, ಎಂದರೆ ಮೊಬೈಲ್ ಗೋಪುರದಿಂದ ವೈಫೈಗೋ ಕಿರುಗೋಪುರಕ್ಕೋ ಇಳಿಸುವ ಕ್ರಮವನ್ನು ಸ್ಮಾರ್ಟ್‌ಫೋನ್ ಯುಗದ ಕೂಸೆಂದು ಬಗೆಯುವುದು ರೂಢಿಯಾದರೂ, ಅದರ ಗಣಿತದ ಬೇರು ತಂತಿ ದೂರವಾಣಿಯ ಕಾಲದಲ್ಲಿದೆ. ಕೋಪನ್‌ಹೇಗನ್ ದೂರವಾಣಿ ಕಂಪನಿಯ ಎ. ಕೆ. ಎರ್ಲಾಂಗ್ 1917ರಲ್ಲಿ ಪ್ರಕಟಿಸಿದ ಸೂತ್ರವು, ಇಂತಿಷ್ಟು ತಂತಿಗಳಿರುವಲ್ಲಿ ಎಷ್ಟು ಪಾಲು ಕರೆಗಳು ದಾರಿ ಕಾಣದೆ ಉಳಿಯುತ್ತವೆಂಬುದನ್ನು ತಿಳಿಸಿತು. ಹಾಗೆ ಉಳಿದ ಕರೆಗಳನ್ನು ಇನ್ನೊಂದು ಮಾರ್ಗಕ್ಕೆ ತಿರುಗಿಸಿದರೆ ಅಲ್ಲಿ ಏನಾದೀತೆಂಬುದು ಅದರ ವ್ಯಾಪ್ತಿಗೆ ಸೇರಿರಲಿಲ್ಲ. ಕೆರೆ ತುಂಬಿದಾಗಷ್ಟೇ ಕೋಡಿ ಹರಿಯುವ ಹಾಗೆ, ಉಕ್ಕಿದ ಕರೆಗಳು ಬಿಡಿಬಿಡಿಯಾಗಿ ಬಾರದೆ ಗುಂಪುಗುಂಪಾಗಿ ಬರುತ್ತವೆ. ಆದ್ದರಿಂದ ಸರಾಸರಿ ಅಷ್ಟೇ ಇದ್ದರೂ ಅವುಗಳಿಗೆ ಹೆಚ್ಚು ತಂತಿಗಳು ಬೇಕು. ಈ ಗುಣವನ್ನು ಲೆಕ್ಕಕ್ಕೆ ತೆಗೆದುಕೊಂಡ ವಿಧಾನವನ್ನು ಬೆಲ್ ಪ್ರಯೋಗಾಲಯದ ಆರ್. ಐ. ವಿಲ್ಕಿನ್ಸನ್ 1956ರಲ್ಲಿ ರೂಪಿಸಿದರು.

ಅಮೆರಿಕ ಸರ್ಕಾರ 1985ರಲ್ಲಿ ಕೆಲವು ತರಂಗಪಟ್ಟಿಗಳನ್ನು ಪರವಾನಗಿಯಿಲ್ಲದ ಬಳಕೆಗೆ ತೆರೆದದ್ದೂ, 1997ರಲ್ಲಿ ವೈಫೈಗೆ ಆಧಾರವಾದ ತಾಂತ್ರಿಕ ಮಾನಕ ಬಂದದ್ದೂ ಮೊಬೈಲ್ ಜಾಲದಿಂದ ಉಕ್ಕಿದ ಹೊರೆ ಹರಿಯಬಲ್ಲ ಎರಡನೆಯ ಜಾಲವೊಂದನ್ನು ಸಿದ್ಧಪಡಿಸಿದ್ದವು. 2007ರಲ್ಲಿ ಐಫೋನ್ ಬಂದ ಮೇಲೆ ಅದರ ಅಗತ್ಯ ತೀವ್ರವಾಯಿತು. ಎಟಿ ಆಂಡ್ ಟಿ ಕಂಪನಿ 2010ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್‌ನಲ್ಲಿ ತನ್ನ ಗ್ರಾಹಕರಿಗಾಗಿ ವೈಫೈ ವಲಯವನ್ನೇ ತೆರೆಯಿತು. ಅದೇ ವರ್ಷ ದಕ್ಷಿಣ ಕೊರಿಯಾದಲ್ಲಿ ಸುಮಾರು 100 ಐಫೋನ್ ಬಳಕೆದಾರರನ್ನು ಗಮನಿಸಿದ ಅಧ್ಯಯನವೊಂದು, ಒಟ್ಟು ದತ್ತಾಂಶದ ಸುಮಾರು ಶೇಕಡಾ 65ರಷ್ಟು ವೈಫೈ ಮೂಲಕವೇ ಸಾಗಬಲ್ಲದೆಂದೂ, ರವಾನೆಯನ್ನು 100 ಸೆಕೆಂಡು ತಡೆದು ಕಾಯುವುದರಿಂದ ದೊರೆಯುವ ಲಾಭ ನಗಣ್ಯವೆಂದೂ ಕಂಡುಕೊಂಡಿತು.

ಆದರೆ ಅಳೆದು ತಿಳಿಯುವುದು ಬೇರೆ, ಮುಂಚಿತವಾಗಿ ಲೆಕ್ಕಹಾಕುವುದು ಬೇರೆ. ಗೋಪುರಗಳು ಸಮನಾದ ಷಟ್ಕೋನಗಳ ನಡುವೆ ನಿಂತಿವೆಯೆಂಬ ಹಳೆಯ ಕಲ್ಪನೆ ಪಠ್ಯಪುಸ್ತಕಕ್ಕೆ ಒಪ್ಪುತ್ತಿತ್ತೇ ಹೊರತು ಯಾವ ಊರಿಗೂ ಒಪ್ಪುತ್ತಿರಲಿಲ್ಲ. ಸಂಶೋಧಕರಾದ ಜೆಫ್ರಿ ಆಂಡ್ರ್ಯೂಸ್, ಫ್ರಾನ್ಸ್ವಾ ಬಾಚೆಲ್ಲಿ ಮತ್ತು ಮುಂದೆ ಮದ್ರಾಸ್ ಐಐಟಿಯ ಪ್ರಾಧ್ಯಾಪಕರಾದ ರಾಧಾಕೃಷ್ಣ ಗಂಟಿ 2011ರ ಪ್ರಬಂಧದಲ್ಲಿ ಅವುಗಳನ್ನು ಯಾದೃಚ್ಛಿಕವಾಗಿ, ಎಂದರೆ ಯಾವ ಕ್ರಮವೂ ಇಲ್ಲದೆ ಚೆಲ್ಲಿದ ಬಿಂದುಗಳೆಂದು ಭಾವಿಸಿ ಸರಳ ಸೂತ್ರಗಳನ್ನು ಪಡೆದರು. 2013ರಲ್ಲಿ ಸರಬ್‌ಜೋತ್ ಸಿಂಗ್, ಹರ್‌ಪ್ರೀತ್ ಧಿಲ್ಲೋನ್ ಮತ್ತು ಆಂಡ್ರ್ಯೂಸ್ ಆ ವಿಧಾನವನ್ನು ಹೊರೆ ಇಳಿಸುವ ಪ್ರಶ್ನೆಗೆ ಅನ್ವಯಿಸಿ, ಸಂಕೇತದ ಸ್ಪಷ್ಟತೆಗೆ ಉತ್ತಮವಾದ ಹಂಚಿಕೆಯೇ ವೇಗಕ್ಕೂ ಉತ್ತಮವಾಗಬೇಕಿಲ್ಲವೆಂದು ತೋರಿಸಿದರು. ಏಕೆಂದರೆ ವೇಗವು ಅದೇ ಗೋಪುರವನ್ನು ಎಷ್ಟು ಮಂದಿ ಹಂಚಿಕೊಂಡಿದ್ದಾರೆಂಬುದನ್ನೂ ಅವಲಂಬಿಸಿದೆ. ಕಿರುಗೋಪುರವು ದೊಡ್ಡ ಗೋಪುರದ ತರಂಗಪಟ್ಟಿಯನ್ನೇ ಬಳಸುವಾಗ ಅಲ್ಲಿಗೆ ಕಳುಹಿಸಲ್ಪಟ್ಟ ಬಳಕೆದಾರನಿಗೆ ದೊಡ್ಡದರ ಪ್ರಬಲ ಸಂಕೇತವೇ ಅಡಚಣೆಯಾಗುತ್ತದೆ; ಬೇರೆ ಪಟ್ಟಿಯಲ್ಲಿರುವ ವೈಫೈಗೆ ಆ ತೊಡಕಿಲ್ಲ.